ಕಲೆ ಅಂತ ಅಳಿಸುವ ಮುಂಚೆ

ಹಳೇ ಬೀದಿಗಳ ಫೋಟೋ ಹಿಡಿದು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರದ್ದು ಒಂದೇ ಬೇಡಿಕೆ: "ಇಲ್ಲೇನೋ ಮಸುಕಾಗಿದೆ, ಅಳಿಸಿಕೊಡಿ." ಕಲೆಯಾಗಿದ್ದರೆ ನೋಡೋಣ. ಆದರೆ ಎಷ್ಟೋ ಸಲ ಅಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ.

ಇತ್ತೀಚೆಗೆ ಪ್ರದರ್ಶನಕ್ಕೆ ತಯಾರಿ ಮಾಡುತ್ತಿದ್ದ ಹುಡುಗನೊಬ್ಬ ಸ್ಕಾಟ್ಲೆಂಡಿನ ಫೋಟೋಗ್ರಾಫರ್ ಥಾಮಸ್ ಅನ್ನಾನ್ ಅಲ್ಲಿನ ಗ್ಲಾಸ್ಗೋ ನಗರದಲ್ಲಿ ತೆಗೆದ ಚಿತ್ರಗಳ ಸ್ಕ್ಯಾನ್ ತಂದಿದ್ದ. ಆ ನಗರದ ಹಳೇ ವಠಾರಗಳನ್ನು ಕೆಡವಲು 1866ರಲ್ಲಿ ಕಾಯ್ದೆ ಬಂತು. ಅವು ಹೋಗುವ ಮುಂಚೆ ದಾಖಲೆ ಇರಲಿ ಅಂತ ನಗರ ಸುಧಾರಣಾ ಟ್ರಸ್ಟ್ ಅನ್ನಾನ್ ಅವರಿಗೆ ಕೆಲಸ ಒಪ್ಪಿಸಿತು. 1868ರಿಂದ 1871ರವರೆಗೆ ಅವರು ಹೈ ಸ್ಟ್ರೀಟ್, ಸಾಲ್ಟ್‌ಮಾರ್ಕೆಟ್ ಸುತ್ತಿನ ಓಣಿಗಳಲ್ಲಿ ಕ್ಯಾಮೆರಾ ಇಟ್ಟರು. ನಮ್ಮ ಹುಡುಗ ಮಸುಕನ್ನೆಲ್ಲ ಸಾಫ್ಟ್‌ವೇರ್‌ನಲ್ಲಿ ಒರೆಸಿ ಹಾಕಿದ್ದ. "ಎಷ್ಟು ಪ್ರಶಾಂತ ಅಲ್ವಾ ಮೇಡಂ, ಜನಾನೇ ಇಲ್ಲ" ಅಂದ. ಸಿಟ್ಟು ಬಂತು ನನಗೆ. ಜನ ಕಿಕ್ಕಿರಿದಿದ್ದಾರೆ, ಕಾಯಿಲೆ ಹರಡುತ್ತಿದೆ ಅಂತಲೇ ಕೆಡವಿದ ಓಣಿಗಳವು!

ಆಗಿನದು ವೆಟ್ ಕೊಲೋಡಿಯನ್ ಗಾಜಿನ ನೆಗೆಟಿವ್, ಅಂದರೆ ಗಾಜಿಗೆ ಕೊಲೋಡಿಯನ್ ಎಂಬ ಅಂಟು ದ್ರವ ಹರಡಿ, ಅದು ಒದ್ದೆ ಇರುವಾಗಲೇ ಚಿತ್ರ ತೆಗೆಯುವ ವಿಧಾನ. ಕಟ್ಟಡಗಳು ಎತ್ತರ, ಓಣಿ ಇಕ್ಕಟ್ಟು, ನೆಲದವರೆಗೆ ಬೆಳಕು ಬರುವುದೇ ಕಷ್ಟ. ಲೆನ್ಸಿನ ಮುಚ್ಚಳ ತೆಗೆದು ಸುಮಾರು ಹೊತ್ತು ಕಾಯಬೇಕಿತ್ತು. ಅಲುಗಾಡದ ಗೋಡೆ ಚೆನ್ನಾಗಿ ಮೂಡುತ್ತದೆ. ನಡೆದು ಹೋದವನು ಮೂಡುವುದೇ ಇಲ್ಲ. ಸ್ವಲ್ಪ ಹೊತ್ತು ನಿಂತು ಹೊರಟವನು ಅರ್ಧ ಮೂಡುತ್ತಾನೆ, ಅವನ ಮೈಯೊಳಗಿಂದ ಹಿಂದಿನ ಗೋಡೆ ಕಾಣುತ್ತದೆ. ಮಕ್ಕಳಂತೂ ಪಾಪ, ನಿಲ್ಲು ಅಂದರೆ ನಿಲ್ಲುತ್ತವೆ, ಆದರೆ ತಲೆ ತಿರುಗಿಸದೆ ಇರಲಾರವು. ಪಾದ ಸ್ಪಷ್ಟ, ಮುಖ ಬರೀ ಹೊಗೆ. ಮೇಲೆ ಕೋಲಿಗೆ ಹಾಕಿದ ಬಟ್ಟೆಯೂ ಗಾಳಿಗೆ ಹಾಗೇ ಕಲಸಿರುತ್ತದೆ.

ಹಾಗಾಗಿ ಮೊದಲು ಮಸುಕಿನ ಕೆಳಗೆ ಪಾದ ಹುಡುಕಿ. ಕಾಗದದ ಕಲೆಗೆ ಪಾದ ಇರುವುದಿಲ್ಲ. ಅದು ಗೋಡೆ, ಆಕಾಶ, ಚಿತ್ರದ ಅಂಚು ಯಾವುದನ್ನೂ ಲೆಕ್ಕಿಸದೆ ಹರಡಿರುತ್ತದೆ, ಬಣ್ಣವೂ ಬೇರೆ. ಇನ್ನೊಂದು ದಾರಿಯೂ ಇದೆ. ಅನ್ನಾನ್ ಚಿತ್ರಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ವಿಧಾನದಲ್ಲಿ ಅಚ್ಚಾದವು: ಮೊದಲು ಮೊಟ್ಟೆಯ ಬಿಳಿ ಲೇಪಿಸಿದ ಕಾಗದದ ಆಲ್ಬುಮೆನ್ ಪ್ರಿಂಟ್, 1870ರ ದಶಕದ ಕೊನೆಗೆ ಬಣ್ಣದ ಪುಡಿ ಬೆರೆಸಿದ ಜೆಲಟಿನ್‌ನ ಕಾರ್ಬನ್ ಪ್ರಿಂಟ್, 1900ರಲ್ಲಿ ಲೋಹದ ಫಲಕದಿಂದ ಶಾಯಿಯಲ್ಲಿ ಒತ್ತಿದ ಫೋಟೋಗ್ರಾವ್ಯೂರ್. ಎರಡು ಪ್ರಿಂಟ್‌ಗಳಲ್ಲಿ ಅದೇ ಜಾಗದಲ್ಲಿ ಅದೇ ಮಸುಕು ಕಂಡರೆ, ಅದು ಕಾಗದಕ್ಕೆ ಆಮೇಲೆ ಅಂಟಿದ್ದಲ್ಲ, ನೆಗೆಟಿವ್‌ನಲ್ಲೇ ಇದ್ದದ್ದು.

ಇಷ್ಟಾದರೂ ಬರೀ ಸ್ಕ್ಯಾನ್ ನೋಡಿ ನಾನು ಖಚಿತವಾಗಿ ಹೇಳುವುದಿಲ್ಲ. ಗಾಜಿಗೆ ಕೊಲೋಡಿಯನ್ ಸರಿಯಾಗಿ ಹರಡದಿದ್ದರೂ ಗುರುತು ಬೀಳುತ್ತದೆ. ಮಸುಕುಗಳನ್ನು ಎಣಿಸಿ ಓಣಿಯಲ್ಲಿ ಇಷ್ಟು ಜನ ಇದ್ದರು ಅನ್ನುವುದೂ ತಪ್ಪು. ಖಾಲಿ ಕಂಡ ಓಣಿ ಆ ಹೊತ್ತಿಗೆ ನಿಜಕ್ಕೂ ಖಾಲಿಯೇ ಇದ್ದಿರಬಹುದು.

ಅಳಿಸಲೇಬೇಕು ಅಂತಿದ್ದರೆ ಒಂದು ನಕಲು ಮಾಡಿಕೊಂಡು ಅದರಲ್ಲಿ ಅಳಿಸಿ. ಮೂಲ ಸ್ಕ್ಯಾನ್ ದಯವಿಟ್ಟು ಮುಟ್ಟಬೇಡಿ. ಗೋಡೆಗೆ ತೂಗುಹಾಕುವಾಗ ಎಲ್ಲೆಲ್ಲಿ ತಿದ್ದಿದ್ದೀರಿ ಅಂತ ಪಕ್ಕದಲ್ಲೇ ಬರೆದು ಹಾಕಿ.