ಓದುಗರ ಪ್ರಶ್ನೆ: ಪೋಪ್ ಪದಚ್ಯುತಗೊಳಿಸಿದ ಮೇಲೂ ಬಿಷಪ್ ಪೀಠ ಬಿಡದೆ ಯುದ್ಧಕ್ಕೆ ನಿಂತದ್ದೇಕೆ?

ಪ್ರಶ್ನೆ: ಯುರೋಪಿನಲ್ಲಿ ಅಚ್ಚುಮೊಳೆಯ ಮುದ್ರಣ ಆರಂಭಿಸಿದ ಗುಟೆನ್‌ಬರ್ಗ್‌ನ ಊರಾದ ಜರ್ಮನಿಯ ಮೈಂಟ್ಸ್‌ನಲ್ಲಿ ಇಬ್ಬರು ಆರ್ಚ್‌ಬಿಷಪ್‌ಗಳು ಒಂದೇ ಪೀಠಕ್ಕಾಗಿ ಸೈನ್ಯ ಕಟ್ಟಿಕೊಂಡು ಕಾದಾಡಿದರೆಂದು ಓದಿದ್ದೇನೆ. ಧರ್ಮಗುರುಗಳಿಗೆ ಸೈನ್ಯವೇಕೆ? ಪೋಪ್ ಇಳಿಯೆಂದ ಮೇಲೆ ಇಳಿಯಬೇಕಿತ್ತಲ್ಲವೇ?

ಉತ್ತರ: ಇಳಿಯೆಂದು ಹೇಳಿಸಿಕೊಂಡವರು ಡೀಟರ್ ಫಾನ್ ಈಸೆನ್‌ಬುರ್ಗ್. ಅವರು ಕೇವಲ ಧರ್ಮಗುರುವಾಗಿದ್ದರೆ ಇಳಿಯುತ್ತಿದ್ದರೇನೋ. ಆದರೆ 15ನೇ ಶತಮಾನದ ಜರ್ಮನಿಯಲ್ಲಿ ದೊಡ್ಡ ಬಿಷಪ್‌ಗಳು ದೊರೆಗಳೂ ಆಗಿದ್ದರು. ಅವರಿಗೆ ತೆರಿಗೆ, ಸುಂಕ, ಕೋಟೆ, ನ್ಯಾಯಾಲಯ, ಸೈನಿಕರು ಎಲ್ಲವೂ ಇದ್ದವು. ಮೈಂಟ್ಸ್‌ನ ಪೀಠದ ತೂಕವಂತೂ ಇನ್ನೂ ಹೆಚ್ಚಿನದು. 1356ರ ಸುವರ್ಣ ಶಾಸನದ ಪ್ರಕಾರ ಜರ್ಮನ್ ರಾಜನನ್ನು ಆರಿಸುವ ಹಕ್ಕಿದ್ದ ಏಳು ಮಂದಿಯಲ್ಲಿ ಮೂವರು ಆರ್ಚ್‌ಬಿಷಪ್‌ಗಳು, ಅಂದರೆ ಮೈಂಟ್ಸ್, ಕಲೋನ್ ಮತ್ತು ಟ್ರಿಯರ್‌ನವರು. ಅವರಲ್ಲಿ ಮೈಂಟ್ಸ್‌ನವರು ಸಾಮ್ರಾಜ್ಯದ ಮಹಾಮಂತ್ರಿಯಾಗಿದ್ದು, ಚುನಾವಣೆಗೆ ಉಳಿದವರನ್ನು ಕರೆಸುವವರೂ, ಎಲ್ಲರ ಮತ ಕೇಳಿ ಕೊನೆಯಲ್ಲಿ ತಮ್ಮ ಮತ ಹಾಕುವವರೂ ಆಗಿದ್ದರು. ಇಂತಹ ಪೀಠವನ್ನು ಯಾರು ಕೊಡಬೇಕು, ಯಾರು ಕಿತ್ತುಕೊಳ್ಳಬಹುದು ಎಂಬುದೇ ಈ ಇಡೀ ಜಗಳದ ಒಳಗಿದ್ದ ಪ್ರಶ್ನೆ.

ಡೀಟರ್ ಸುಮಾರು 1412ರಲ್ಲಿ ಹುಟ್ಟಿದ ಕೌಂಟ್ ಮನೆತನದವರು, ಎರ್ಫುರ್ಟ್ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲಿಯೇ ರೆಕ್ಟರ್, ಅಂದರೆ ಮುಖ್ಯಸ್ಥರು, ಆಗಿದ್ದವರು. 1456ರಲ್ಲಿ ಟ್ರಿಯರ್ ಪೀಠಕ್ಕೆ ಪ್ರಯತ್ನಿಸಿ ಸೋತರು. 1459ರ ಜೂನ್ 18ರಂದು ಮೈಂಟ್ಸ್ ಪ್ರಧಾನಾಲಯದ ಪಾದ್ರಿಮಂಡಳಿ ನಾಸೌ ಮನೆತನದ ಅಡಾಲ್ಫ್‌ನನ್ನು ಬಿಟ್ಟು ಇವರನ್ನು ಆರಿಸಿತು. ಆದರೆ ಬಹುಮತ ಕೂದಲೆಳೆಯಷ್ಟೇ. ಆ ಕೂದಲೆಳೆಯ ಅಂತರವನ್ನು ಸೋತವನೂ ಮರೆಯಲಿಲ್ಲ, ರೋಮ್ ಕೂಡ ಮರೆಯಲಿಲ್ಲ.

ಆಯ್ಕೆಯಾದರೆ ಸಾಲದು, ಪೋಪ್ ಒಪ್ಪಿಗೆ ಕೊಟ್ಟು ಪಾಲಿಯಂ ಎಂಬ ಬಿಳಿ ಉಣ್ಣೆಯ ಪಟ್ಟಿಯನ್ನು ಕಳುಹಿಸಬೇಕು. ಅದಕ್ಕೆ ಶುಲ್ಕವಿತ್ತು. ಮೈಂಟ್ಸ್‌ಗೆ ವಾಡಿಕೆಯಾಗಿದ್ದದ್ದು ಸುಮಾರು 10,000 ಗುಲ್ಡನ್, ಅಂದರೆ ಅಷ್ಟು ಚಿನ್ನದ ನಾಣ್ಯಗಳು. ಆಗಿನ ಪೋಪ್ ಎರಡನೇ ಪಿಯುಸ್ ಅವರ ಆಡಳಿತ 20,000ಕ್ಕೂ ಮೀರಿ ಕೇಳಿತು. ಪಿಯುಸ್ ಅವರಿಗೆ ಹಣದ ಅಗತ್ಯವಿತ್ತು: 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಗಿತ್ತು, ಅವರ ವಿರುದ್ಧ ಧರ್ಮಯುದ್ಧ ಸಾರುವುದಕ್ಕಾಗಿ 1459ರಲ್ಲಿ ಮಾಂಟುವಾದಲ್ಲಿ ಸಭೆ ಕರೆದಿದ್ದರು. ಡೀಟರ್ ತಾವೇ ಅಲ್ಲಿಗೆ ಹೋಗದೆ ದೂತರನ್ನು ಕಳುಹಿಸಿದರು. ಆ ದೂತರು ರೋಮ್‌ನ ಲೇವಾದೇವಿಗಾರರಿಂದ ಸಾಲವೆತ್ತಿ ಒಪ್ಪಿಗೆ ಪತ್ರ ತಂದರು. ವಾಯಿದೆ ಬಂದಾಗ ಡೀಟರ್ ಹಣ ಕಟ್ಟಲಿಲ್ಲ, ಶುಲ್ಕವೇ ಅನ್ಯಾಯದ್ದೆಂದರು; ಸಾಲ ತೀರಿಸದ ಕಾರಣಕ್ಕೆ ಅವರ ಮೇಲೆ ಚರ್ಚಿನ ಬಹಿಷ್ಕಾರ ಬಿದ್ದಿತು. ಪ್ರಾರ್ಥನೆಯ ವಿಧಿಯಾಗಲಿ ಧರ್ಮಸಿದ್ಧಾಂತವಾಗಲಿ ಎಲ್ಲಿಯೂ ಚರ್ಚೆಗೆ ಬರಲಿಲ್ಲವೆಂಬುದನ್ನು ಗಮನಿಸಬೇಕು. ಒಬ್ಬ ಆರ್ಚ್‌ಬಿಷಪ್ ಸಾಲಪತ್ರದ ದೆಸೆಯಿಂದ ಧರ್ಮಬಾಹಿರನಾದನು.

ಡೀಟರ್ ಸುಮ್ಮನೆ ಕೂರಲಿಲ್ಲ. 1461ರ ಆರಂಭದಲ್ಲಿ ನ್ಯೂರೆಂಬರ್ಗ್‌ನಲ್ಲಿ ರಾಜಕುಮಾರರ ಸಭೆ ಸೇರಿದಾಗ, ಪೋಪ್‌ಗಿಂತ ಮೇಲಿನದೆಂದು ಹಲವರು ಭಾವಿಸಿದ್ದ ಚರ್ಚಿನ ಮಹಾಸಭೆಗೆ ಮೇಲ್ಮನವಿ ಸಲ್ಲಿಸಿದರು. ಹೀಗೆ ಮೇಲ್ಮನವಿ ಹೋಗುವುದನ್ನೇ ಅಪರಾಧವೆಂದು ಪಿಯುಸ್ ಹಿಂದಿನ ವರ್ಷ ಆಜ್ಞೆ ಹೊರಡಿಸಿದ್ದರು. ನನ್ನ ಅಭಿಪ್ರಾಯದಲ್ಲಿ ರಾಜಿಯ ಬಾಗಿಲು ಮುಚ್ಚಿದ್ದು ಇಲ್ಲಿಯೇ, ಹಣದ ವಿಷಯದಲ್ಲಿ ಅಲ್ಲ. 1461ರ ಆಗಸ್ಟ್ 21ರಂದು ಪೋಪ್ ಡೀಟರ್‌ರನ್ನು ಪದಚ್ಯುತಗೊಳಿಸಿ, ಚುನಾವಣೆಯಲ್ಲಿ ಸೋತಿದ್ದ ಅಡಾಲ್ಫ್‌ನನ್ನೇ ನೇಮಿಸಿದರು.

ಡೀಟರ್ ಪಕ್ಷಕ್ಕೆ ಬಂದವನು ಹಿಂದಿನ ವರ್ಷವಷ್ಟೇ ಅವರನ್ನು ಯುದ್ಧದಲ್ಲಿ ಸೋಲಿಸಿದ್ದ ನೆರೆಯ ದೊರೆ, ರೈನ್ ಪ್ರಾಂತ್ಯದ ಫ್ರೆಡ್ರಿಕ್. ಸಹಾಯ ಬಿಟ್ಟಿಯಾಗಿ ಸಿಗಲಿಲ್ಲ; ಬೆರ್ಗ್‌ಷ್ಟ್ರಾಸೆ ಸೀಮೆಯ ಊರುಗಳನ್ನೂ ಕೋಟೆಯನ್ನೂ ಅವನಿಗೆ ಅಡವಿಡಬೇಕಾಯಿತು. 1462ರ ಜೂನ್ 30ರಂದು ಸೆಕೆನ್‌ಹೈಮ್ ಬಳಿ ಫ್ರೆಡ್ರಿಕ್ ಅಡಾಲ್ಫ್‌ನ ಮಿತ್ರರಾದ ವ್ಯುರ್ಟೆಂಬರ್ಗ್‌ನ ಕೌಂಟ್, ಬಾಡೆನ್‌ನ ದೊರೆ ಹಾಗೂ ಆ ದೊರೆಯ ತಮ್ಮನಾದ ಮೆಟ್ಸ್‌ನ ಬಿಷಪ್, ಮೂವರನ್ನೂ ಸೆರೆಹಿಡಿದನು. ಸೆರೆಯಾದವರಿಗೆ ಭರ್ಜರಿ ಊಟ ಬಡಿಸಿ ರೊಟ್ಟಿ ಮಾತ್ರ ಕೊಡಲಿಲ್ಲವೆಂದೂ, ಕೇಳಿದಾಗ ಅವರೇ ಸುಟ್ಟ ಪೈರನ್ನು ತೋರಿಸಿದನೆಂದೂ ಒಂದು ಐತಿಹ್ಯವಿದೆ.

ಈ ಜಗಳದಲ್ಲಿ ಹೊಸದಾಗಿ ಒಂದು ಆಯುಧ ಬಳಕೆಯಾಯಿತು. ಪೋಪ್‌ನ ಪದಚ್ಯುತಿ ಆಜ್ಞೆ, ಅಡಾಲ್ಫ್‌ನ ಸಮರ್ಥನೆ, ತಮಗೆ ಅನ್ಯಾಯವಾಗಿದೆಯೆಂಬ ಡೀಟರ್‌ರ ಬಹಿರಂಗ ಪತ್ರ, ಎಲ್ಲವೂ ಒಂಟಿ ಹಾಳೆಗಳಾಗಿ ಅಚ್ಚಾದವು. ಎರಡೂ ಪಕ್ಷಗಳ ಹಾಳೆಗಳನ್ನು ಮುದ್ರಿಸಿದ್ದು ಮೈಂಟ್ಸ್‌ನ ಒಂದೇ ಅಚ್ಚುಕೂಟ, ಗುಟೆನ್‌ಬರ್ಗ್‌ನ ಹಳೆಯ ಪಾಲುದಾರ ಫುಸ್ಟ್ ಹಾಗೂ ಶೆಫರ್ ನಡೆಸುತ್ತಿದ್ದದ್ದು. ಗುಟೆನ್‌ಬರ್ಗ್‌ನ ಬೈಬಲ್ ಅಚ್ಚಾಗಿ ಇನ್ನೂ ಹತ್ತು ವರ್ಷವೂ ಕಳೆದಿರಲಿಲ್ಲ; ಆಗಲೇ ಅಚ್ಚುಮೊಳೆಗಳು ರಾಜಕೀಯದ ಮಾತಾಡತೊಡಗಿದ್ದವು.

ಇಷ್ಟಾದರೂ ಬೆಲೆ ತೆತ್ತದ್ದು ಮೈಂಟ್ಸ್ ನಗರ, ಮತ್ತು ನನಗೆ ಇಡೀ ಕಥೆಯಲ್ಲಿ ಮನಸ್ಸಿಗೆ ತಟ್ಟುವ ಭಾಗ ಇದೇ. 1244ರಿಂದ ತನ್ನ ಆಡಳಿತವನ್ನು ತಾನೇ ನಡೆಸಿಕೊಂಡು ಬಂದಿದ್ದ ಆ ನಗರ ಡೀಟರ್ ಪಕ್ಷ ವಹಿಸಿತ್ತು. 1462ರ ಅಕ್ಟೋಬರ್ 28ರ ನಸುಕಿನಲ್ಲಿ ಅಡಾಲ್ಫ್‌ನ ಕೆಲವು ನೂರು ಸೈನಿಕರು ಕೋಟೆಗೋಡೆ ಹತ್ತಿ ಒಳನುಗ್ಗಿದರು. ಬೀದಿ ಬೀದಿಯಲ್ಲಿ ದಿನವಿಡೀ ಕಾದಾಟ ನಡೆದು ಸುಮಾರು 400 ಜನ ಸತ್ತರು. ಡೀಟರ್ ಗೋಡೆ ಇಳಿದು ತಪ್ಪಿಸಿಕೊಂಡರು; ನಾಗರಿಕರಿಗೆ ಆ ದಾರಿಯಿರಲಿಲ್ಲ. ಎರಡು ದಿನಗಳ ನಂತರ ಅವರನ್ನು ಮಾರುಕಟ್ಟೆಯ ಬಯಲಿಗೆ ಕರೆಸಿ, ನೂರಾರು ಮಂದಿಯನ್ನು ಅಲ್ಲಿಂದಲೇ ಊರ ಹೊರಗೆ ಅಟ್ಟಲಾಯಿತು. ನಗರದ ಸ್ವಾತಂತ್ರ್ಯ ಅಂದಿಗೆ ಮುಗಿಯಿತು. ಹೊರಹಾಕಿಸಿಕೊಂಡವರಲ್ಲಿ ಗುಟೆನ್‌ಬರ್ಗ್ ಕೂಡ ಇದ್ದನೆಂದು ಇತಿಹಾಸಕಾರರು ಸಾಮಾನ್ಯವಾಗಿ ನಂಬುತ್ತಾರೆ.

1463ರ ಅಕ್ಟೋಬರ್‌ನಲ್ಲಿ ಝೈಲ್ಸ್‌ಹೈಮ್‌ನಲ್ಲಿ ಒಪ್ಪಂದವಾಯಿತು. ಡೀಟರ್ ಪೀಠದ ಹಕ್ಕು ಬಿಟ್ಟುಕೊಟ್ಟು, ಜೀವನಕ್ಕೆಂದು ಹೋಕ್ಸ್ಟ್, ಷ್ಟೈನ್‌ಹೈಮ್, ಡೀಬುರ್ಗ್ ಎಂಬ ಮೂರು ಊರುಗಳನ್ನು ಪಡೆದರು. ಗೆದ್ದ ಅಡಾಲ್ಫ್‌ನಿಗೆ ದಕ್ಕಿದ್ದು ಸಾಲದ ಹೊರೆ ಹೊತ್ತ ರಾಜ್ಯ.

ಇನ್ನು ಹೆಚ್ಚಿನ ಓದುಗರಿಗೆ ತಿಳಿಯದ ಸಂಗತಿ: ಡೀಟರ್ ಅದೇ ಪೀಠಕ್ಕೆ ಮರಳಿದರು. ಅಡಾಲ್ಫ್ 1475ರಲ್ಲಿ ತೀರಿಕೊಳ್ಳುವ ಮುನ್ನ ತನ್ನ ಉತ್ತರಾಧಿಕಾರಿಯಾಗಿ ಸೂಚಿಸಿದ್ದು ಹಳೆಯ ಎದುರಾಳಿಯನ್ನೇ. ಪಾದ್ರಿಮಂಡಳಿ ಒಪ್ಪಿತು, ಪಿಯುಸ್ ಅಷ್ಟರಲ್ಲಿ ಗತಿಸಿದ್ದರು, ಹೊಸ ಪೋಪ್ ನಾಲ್ಕನೇ ಸಿಕ್ಸ್ಟಸ್ ಕೂಡ ಒಪ್ಪಿದರು. ಎರಡನೇ ಅವಧಿಯಲ್ಲಿ ಡೀಟರ್ 1477ರಲ್ಲಿ ಮೈಂಟ್ಸ್ ವಿಶ್ವವಿದ್ಯಾಲಯವನ್ನು ಆರಂಭಿಸಿದರು. ಆದರೆ ಒಮ್ಮೆ ರೋಮ್‌ನ ವಿರುದ್ಧ ನಿಂತಿದ್ದ ಅವರ ಕಾಲದಲ್ಲಿಯೇ, 1479ರಲ್ಲಿ, ಬೋಧಕ ಯೋಹಾನ್ ಫಾನ್ ವೇಸೆಲ್‌ನನ್ನು ಧರ್ಮವಿರೋಧಿಯೆಂದು ಮೈಂಟ್ಸ್‌ನಲ್ಲಿ ವಿಚಾರಣೆಗೆ ಗುರಿಪಡಿಸಿ, ತನ್ನ ಮಾತುಗಳನ್ನು ಹಿಂತೆಗೆದುಕೊಳ್ಳುವಂತೆ ಮಾಡಲಾಯಿತು. ತಮಗಾಗಿ ಸತ್ತವರ ನಗರಕ್ಕೆ ಹಳೆಯ ಸ್ವಾತಂತ್ರ್ಯವನ್ನೂ ಅವರು ಹಿಂದಿರುಗಿಸಲಿಲ್ಲ. ಬದಲಿಗೆ ರೈನ್ ದಂಡೆಯಲ್ಲಿ, ನಗರದ ಅಂಚಿನಲ್ಲಿಯೇ, ಮಾರ್ಟಿನ್ಸ್‌ಬುರ್ಗ್ ಎಂಬ ಕೋಟೆಯನ್ನು ಕಟ್ಟಿಸಿದರು. 1482ರ ಮೇ ತಿಂಗಳಲ್ಲಿ ತೀರಿಕೊಂಡ ಅವರ ಸಮಾಧಿ ಮೈಂಟ್ಸ್ ಪ್ರಧಾನಾಲಯದಲ್ಲಿದೆ.

ಪ್ರಶ್ನೆ ಕೇಳಿದವರು ಗುಟೆನ್‌ಬರ್ಗ್‌ನನ್ನು ನೆನೆದದ್ದರಿಂದ ಒಂದು ಮಾತು. 1465ರ ಜನವರಿ 17ರಂದು ಅಡಾಲ್ಫ್ ಅವನನ್ನು ಆಸ್ಥಾನಿಕನನ್ನಾಗಿ ಮಾಡಿಕೊಂಡು, ವರ್ಷಕ್ಕೊಂದು ಜೊತೆ ಉಡುಪು, 20 ಮಾಲ್ಟರ್ ಧಾನ್ಯ, 2 ಫೂಡರ್ ದ್ರಾಕ್ಷಾರಸವನ್ನು (ಮಾಲ್ಟರ್, ಫೂಡರ್ ಆ ಕಾಲದ ಅಳತೆಗಳು) ಗೊತ್ತುಮಾಡಿದನು. ಅವು ಮನೆಬಳಕೆಗೆ ಮಾತ್ರ, ಮಾರಕೂಡದು ಎಂಬ ಷರತ್ತೂ ಆ ಪತ್ರದಲ್ಲಿದೆ.