ಕಟ್ಟದ ಸಬ್‌ಮರೀನ್‌ಗೆ ತೆತ್ತ ದುಡ್ಡು

2022ರ ಜೂನ್‌ನಲ್ಲಿ ಆಸ್ಟ್ರೇಲಿಯಾ ಫ್ರಾನ್ಸಿನ ಹಡಗು ಕಟ್ಟುವ ಕಂಪನಿ ನೇವಲ್ ಗ್ರೂಪ್‌ಗೆ, ರದ್ದು ಮಾಡಿದ ಸಬ್‌ಮರೀನ್ ಕಾಂಟ್ರ್ಯಾಕ್ಟ್‌ಗಾಗಿ, 83 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿತು. ಕೈಗೆ ಒಂದೇ ಒಂದು ಸಬ್‌ಮರೀನ್ ಬಂದಿರಲಿಲ್ಲ. ಮೊದಲೇ ಆಗಿದ್ದ ಖರ್ಚನ್ನೂ ಸೇರಿಸಿದರೆ ಒಟ್ಟು 340 ಕೋಟಿ. ಇಷ್ಟು ದುಡ್ಡು ಎಲ್ಲಿಗೆ ಹೋಯಿತು?

1996ರಿಂದ 2003ರೊಳಗೆ ಆಸ್ಟ್ರೇಲಿಯಾದ ನೌಕಾಪಡೆಗೆ ಕಾಲಿನ್ಸ್ ಅನ್ನುವ ಮಾದರಿಯ ಆರು ಸಬ್‌ಮರೀನ್‌ಗಳು ಬಂದವು. ಮುಂದಿನದು ಯಾವುದು, ಯಾರಿಂದ ಅನ್ನುವ ಚರ್ಚೆಯಲ್ಲೇ ವರ್ಷಗಳು ಹೋದವು. ನಡುವೆ ಜಪಾನ್ ಹೆಸರೂ ಜೋರಾಗಿ ಕೇಳಿಬಂತು. ಕೊನೆಗೆ 2016ರಲ್ಲಿ ಫ್ರಾನ್ಸ್ ಗೆದ್ದಿತು. 12 ಸಬ್‌ಮರೀನ್, 5,000 ಕೋಟಿ ಡಾಲರ್. ಕಟ್ಟುವ ಜಾಗ ಅಡಿಲೇಡ್ ಹತ್ತಿರದ ಆಸ್ಬೋರ್ನ್.

ಸಬ್‌ಮರೀನ್ ಕಾಂಟ್ರ್ಯಾಕ್ಟ್‌ನಲ್ಲಿ ಉಕ್ಕು ಕತ್ತರಿಸುವ ದಿನ ಬರುವ ಮುಂಚೆಯೇ ವರ್ಷಗಟ್ಟಲೆ ಕೆಲಸ ಇರುತ್ತದೆ. ಇಲ್ಲಿ ಇನ್ನೂ ಜಾಸ್ತಿ ಇತ್ತು. ಫ್ರಾನ್ಸಿನ ಮೂಲ ಸಬ್‌ಮರೀನ್ ಅಣುಶಕ್ತಿಯದ್ದು, ಆಸ್ಟ್ರೇಲಿಯಾ ಕೇಳಿದ್ದು ಡೀಸೆಲ್‌ನದ್ದು. ರಿಯಾಕ್ಟರ್ ತೆಗೆದರೆ ಡೀಸೆಲ್ ಎಂಜಿನ್ನಿಗೆ, ಬ್ಯಾಟರಿಗೆ, ಇಂಧನಕ್ಕೆ ಜಾಗ ಹುಡುಕಬೇಕು. ತೂಕ ಬೇರೆ ಕಡೆ ಬೀಳುತ್ತದೆ. ಪೈಪು, ಕೇಬಲ್ಲುಗಳ ದಾರಿ ಪೂರ್ತಿ ಹೊಸದಾಗಿ ಬರೆಯಬೇಕು. ಇದಕ್ಕಾಗಿ ಆಸ್ಟ್ರೇಲಿಯಾದ ಕೆಲವರು ಸಂಸಾರ ಸಮೇತ ಫ್ರಾನ್ಸಿನ ಷೆರ್ಬುರ್ಗ್‌ಗೆ ಹೋಗಿ ನೆಲೆಸಿದ್ದರು. ಇತ್ತ ಆಸ್ಬೋರ್ನ್‌ನಲ್ಲಿ ಯಾರ್ಡಿನ ಕೆಲಸ ಶುರುವಾಗಿತ್ತು. ಅಂದಾಜು ವೆಚ್ಚ ಸುಮಾರು 9,000 ಕೋಟಿಗೆ ಏರಿತ್ತು.

2021ರ ಸೆಪ್ಟೆಂಬರ್‌ನಲ್ಲಿ ಎಲ್ಲ ನಿಂತಿತು. ಅಮೆರಿಕ, ಬ್ರಿಟನ್ ಜೊತೆ ಆಕಸ್ ಅನ್ನುವ ರಕ್ಷಣಾ ಒಪ್ಪಂದ ಆಯಿತು, ಅಣುಶಕ್ತಿಯ ಸಬ್‌ಮರೀನೇ ಬೇಕು ಅಂತ ತೀರ್ಮಾನ ಆಯಿತು. ಫ್ರಾನ್ಸ್ ಸಿಟ್ಟಾಗಿ ಕ್ಯಾನ್‌ಬೆರಾ, ವಾಷಿಂಗ್ಟನ್‌ನಿಂದ ರಾಯಭಾರಿಗಳನ್ನು ವಾಪಸ್ ಕರೆಸಿತು.

ತೀರ್ಮಾನಕ್ಕೆ ಕಾರಣಗಳು ಇದ್ದವು, ಒಪ್ಪೋಣ. ರದ್ದು ಮಾಡುವುದಕ್ಕಿಂತ ಕಟ್ಟುವುದೇ ಅಗ್ಗ ಅಂತ ಬ್ರಿಟನ್ 2010ರಲ್ಲಿ ತನ್ನ ಎರಡನೇ ವಿಮಾನವಾಹಕ ನೌಕೆಯನ್ನು ಉಳಿಸಿಕೊಂಡಿತು. ಪ್ರತಿ ಸಲ ಹಾಗೇ ಮಾಡಬೇಕು ಅಂತಲೂ ಅಲ್ಲ. ಆದರೆ ಸಬ್‌ಮರೀನ್ ಒಡಲಿನ ದಪ್ಪ ಉಕ್ಕನ್ನು ಬೆಸೆಯುವ ವೆಲ್ಡರ್ ದಿಢೀರನೆ ಸಿಗುವುದಿಲ್ಲ. ಒಂದೊಂದು ಬೆಸುಗೆಯನ್ನೂ ತಪಾಸಣೆ ಮಾಡುತ್ತಾರೆ. ಒಳಗೆ ಸಣ್ಣ ಗುಳ್ಳೆ ಕಂಡರೂ ಕೊರೆದು ತೆಗೆದು ಮತ್ತೆ ಬೆಸೆಯಬೇಕಾಗಬಹುದು. ಕೆಲಸ ಇಲ್ಲದೆ ಇಂಥವರು ಗಣಿ ಕಡೆಗೋ ಬೇರೆ ಕಾರ್ಖಾನೆಗೋ ಹೋದರೆ ವಾಪಸ್ ಬರುವುದು ಕಷ್ಟ, ಅಲ್ವಾ? ಸರ್ಕಾರಕ್ಕೂ ಇದು ಗೊತ್ತಿತ್ತು. ರದ್ದು ಮಾಡಿದ ಕೂಡಲೇ ನುರಿತ ಕೆಲಸಗಾರರನ್ನು ಬೇರೆ ಹಡಗು ಕೆಲಸಗಳಿಗೆ ಹಚ್ಚುವ ಏರ್ಪಾಟು ಘೋಷಿಸಿತು.

ಇನ್ನು ಕಾಯುವ ಲೆಕ್ಕ. ಅಮೆರಿಕದಿಂದ ವರ್ಜೀನಿಯಾ ಅನ್ನುವ ಮಾದರಿಯ ಮೊದಲ ಅಣುಶಕ್ತಿ ಸಬ್‌ಮರೀನ್ ಬರುವುದು 2030ರ ದಶಕದ ಶುರುವಿನಲ್ಲಿ. ಆಸ್ಬೋರ್ನ್‌ನಲ್ಲೇ ಕಟ್ಟಿದ್ದು ಬರುವುದು 2040ರ ದಶಕದಲ್ಲಿ. ಅಲ್ಲಿಯವರೆಗೆ ಹಳೆ ಕಾಲಿನ್ಸ್‌ಗಳೇ ಓಡಬೇಕು. ಆರರ ಆಯಸ್ಸನ್ನೂ ಹೆಚ್ಚಿಸುವ ತೀರ್ಮಾನ 2021ರಲ್ಲೇ ಆಯಿತು. ಅದರ ಬಿಲ್ ಆ 340 ಕೋಟಿಯಲ್ಲಿ ಸೇರಿಲ್ಲ.