ಮೈಕ್ ಏನನ್ನೂ ಎಳೆದುಕೊಳ್ಳುವುದಿಲ್ಲ

ಗಾಯಕಿಯೊಬ್ಬರು ತಮ್ಮದೇ ಕಂಡೆನ್ಸರ್ ಮೈಕನ್ನು (ಹಗುರ ಪೊರೆಯ, ನಡೆಯಲು ವಿದ್ಯುತ್ ಬೇಡುವ ಮೈಕ್) ಚೀಲದಿಂದ ತೆಗೆದು ವೇದಿಕೆ ಹತ್ತಿದರೆ ಸಾಕು, ಮೈಕ್‌ಸೆಟ್ಟಿನವರ ಮುಖ ಗಂಟಿಕ್ಕುತ್ತದೆ. "ಅದು ಬೇಡ ಮೇಡಂ, ದೂರದ್ದನ್ನೆಲ್ಲ ಎಳೆದುಕೊಳ್ಳುತ್ತದೆ, ಕುಂಯ್ ಎನ್ನುತ್ತದೆ." ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಸುತ್ತುಹೊಡೆದಾಗ ಏಳುವ ಕೂಗು ಅದು. ಸ್ಟುಡಿಯೊಗೆ ಕಂಡೆನ್ಸರ್, ವೇದಿಕೆಗೆ ತಂತಿ ಸುರುಳಿಯ ಡೈನಮಿಕ್ ಎಂಬ ಸೂತ್ರ ಬಾಯಿಂದ ಬಾಯಿಗೆ ದಾಟುತ್ತಾ ಶಾಸ್ತ್ರವೇ ಆಗಿಬಿಟ್ಟಿದೆ. ಅದರಲ್ಲಿ ಹುರುಳೆಷ್ಟು ಎಂದು ಯಾರೂ ಕೇಳುವುದಿಲ್ಲ.

ಅಂಕಿಗಳನ್ನೇ ನೋಡೋಣ. ಒಂದು ಪ್ಯಾಸ್ಕಲ್ ಒತ್ತಡದ ಸದ್ದು, ಅಂದರೆ 94 ಡೆಸಿಬೆಲ್, ಬಂದು ಬಡಿದಾಗ ಎಲ್ಲರಿಗೂ ಪರಿಚಿತವಾದ ಶೂರ್ ಎಸ್‌ಎಂ58 ಡೈನಮಿಕ್ ಮೈಕ್ ಸುಮಾರು 1.9 ಮಿಲಿವೋಲ್ಟ್ ಕೊಡುತ್ತದೆ. ಅದೇ ಸಂಸ್ಥೆಯ ಕೈಯಲ್ಲಿ ಹಿಡಿಯುವ ಕಂಡೆನ್ಸರ್ ಬೀಟಾ 87ಎ ಸುಮಾರು 2.4, ಜರ್ಮನಿಯ ನಾಯ್ಮನ್ ಕೆಎಂಎಸ್ 105 ಸುಮಾರು 4.5. ವ್ಯತ್ಯಾಸ ಎರಡರಿಂದ ಎಂಟು ಡೆಸಿಬೆಲ್ ಒಳಗೇ. ಮಿಕ್ಸರಿನ ಗುಂಡಿಯನ್ನು ಅಷ್ಟು ತಗ್ಗಿಸಿದರೆ ಲೆಕ್ಕ ಚುಕ್ತಾ. ಮೈಕ್ ತನ್ನ ಬಳಿಗೆ ಬಂದ ಗಾಳಿಯ ಒತ್ತಡವನ್ನು ಅಳೆಯುತ್ತದೆ, ಅಷ್ಟೇ. ತುಟಿ ಐದು ಸೆಂಟಿಮೀಟರ್ ದೂರದಲ್ಲಿದ್ದು, ಇನ್ನೊಂದು ಸದ್ದಿನ ಮೂಲ ಒಂದೂವರೆ ಮೀಟರ್ ಆಚೆ ಇದ್ದರೆ, ಎರಡನೆಯದು ದೂರದ ಕಾರಣಕ್ಕೇ ಸುಮಾರು 30 ಡೆಸಿಬೆಲ್ ಸೊರಗಿ ಬರುತ್ತದೆ. ಈ ಅನುಪಾತವನ್ನು ನಿರ್ಧರಿಸುವುದು ದೂರ. ಮೈಕಿನೊಳಗೆ ಸುರುಳಿ ಇದೆಯೋ ಕೆಪಾಸಿಟರ್ ಇದೆಯೋ ಎಂಬುದು ಗಾಳಿಗೆ ಗೊತ್ತಿಲ್ಲ.

ಹಾಗಾದರೆ ಕಂಡೆನ್ಸರ್ ಹಿಡಿದ ದಿನವೇ ಕೂಗೆದ್ದದ್ದು ಸುಳ್ಳೇ? ಸುಳ್ಳಲ್ಲ, ಆದರೆ ಅಪರಾಧಿ ಬೇರೆ. ಎಸ್‌ಎಂ58 ಕಾರ್ಡಿಯಾಯ್ಡ್ ಜಾತಿಯದು: ನೇರ ಹಿಂಬದಿಯಿಂದ, ಅಂದರೆ 180 ಡಿಗ್ರಿಯಿಂದ ಬರುವ ಸದ್ದಿಗೆ ಅತಿ ಕಿವುಡು. ಹಾಡುವವರಿಗೆ ತಮ್ಮ ದನಿ ಕೇಳಲೆಂದು ಅವರ ಮುಂದೆ ನೆಲದ ಮೇಲಿಡುವ ಮಾನಿಟರ್ ಸ್ಪೀಕರ್ ಪೆಟ್ಟಿಗೆಯನ್ನು ಆ ಕಿವುಡು ದಿಕ್ಕಿನಲ್ಲಿಯೇ ಇಡುವುದು ರೂಢಿ. ಮೇಲೆ ಹೇಳಿದ ಎರಡೂ ಕಂಡೆನ್ಸರುಗಳು ಸೂಪರ್ ಕಾರ್ಡಿಯಾಯ್ಡ್. ಇವುಗಳ ಕಿವುಡು ದಿಕ್ಕು ಎಡಕ್ಕೂ ಬಲಕ್ಕೂ ಸುಮಾರು 126 ಡಿಗ್ರಿಯಲ್ಲಿದೆ. ನೇರ ಹಿಂದಕ್ಕೆ ಒಂದು ಪುಟ್ಟ ಕಿವಿ ತೆರೆದಿರುತ್ತದೆ. ಮೈಕ್ ಬದಲಿಸಿ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟರೆ ಅದರ ಸದ್ದು ಆ ಕಿವಿಯೊಳಕ್ಕೇ ನುಗ್ಗುತ್ತದೆ. ಪೆಟ್ಟಿಗೆಯನ್ನು ನಡುವಿನಿಂದ ಓರೆಗೆ ಸರಿಸಿದರೆ ಮುಗಿಯುವ ಕೆಲಸಕ್ಕೆ ಒಂದು ಇಡೀ ತಂತ್ರಜ್ಞಾನ ಬೈಸಿಕೊಳ್ಳುತ್ತಿದೆ.

ಇದಕ್ಕಿಂತ ದೊಡ್ಡ ಅನಾಹುತ ಮೈಕಿನ ತಲೆಯ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಾಡುವುದು. ಮೈಕಿನೊಳಗೆ ಸದ್ದಿಗೆ ಅಲುಗುವ ಪೊರೆಯ ಹಿಂದಿರುವ ಸಣ್ಣ ಕಿಂಡಿಗಳ ಮೂಲಕ ಸ್ವಲ್ಪ ತಡವಾಗಿ ಒಳಬರುವ ಸದ್ದು, ಮುಂದಿನಿಂದ ಬಡಿಯುವ ಸದ್ದಿನೊಂದಿಗೆ ಸೆಣಸಿ ಕೆಲವು ದಿಕ್ಕುಗಳಲ್ಲಿ ಅದನ್ನು ಅಳಿಸಿಹಾಕುತ್ತದೆ. ದಿಕ್ಕು ಗುರುತಿಸುವ ಗುಟ್ಟೆಲ್ಲ ಅಲ್ಲಿದೆ. ಕಿಂಡಿ ಮುಚ್ಚಿದರೆ ಮೈಕಿಗೆ ಎಲ್ಲ ದಿಕ್ಕೂ ಒಂದೇ. ಕೂಗು ಬಂದಾಗ ಕೆಲವರು ಗಾಬರಿಯಲ್ಲಿ ಅಂಗೈಯಿಂದ ಮೈಕನ್ನು ಮುಚ್ಚುತ್ತಾರಲ್ಲ, ಅದು ಉರಿಯುವ ಬೆಂಕಿಗೆ ತುಪ್ಪ.

ಇಷ್ಟೆಲ್ಲ ಜಗಳವಾಡಿ ಕಂಡೆನ್ಸರನ್ನೇ ಏಕೆ ಹಿಡಿಯಬೇಕು? ಅದರ ಪೊರೆಗಾಗಿ. ಡೈನಮಿಕ್ ಮೈಕಿನಲ್ಲಿ ಪ್ಲಾಸ್ಟಿಕ್ ಪೊರೆಗೆ ತಂತಿಯ ಸುರುಳಿ ಅಂಟಿರುತ್ತದೆ. ಸದ್ದಿಗೆ ಪೊರೆ ಅಲುಗಿದಾಗಲೆಲ್ಲ ಸುರುಳಿಯೂ ಅಯಸ್ಕಾಂತದ ನಡುವೆ ಅಲುಗಬೇಕು. ತುಂಬಿದ ಕೊಡ ಹೊತ್ತು ಬರುವವಳು ಥಟ್ಟನೆ ತಿರುಗಲಾರಳು, ಹಾಗೆಯೇ ಈ ಪೊರೆ. ಕಂಡೆನ್ಸರಿನಲ್ಲಿ ಆ ಹೊರೆಯಿಲ್ಲ. ಕೆಲವೇ ಮೈಕ್ರೋಮೀಟರ್ ದಪ್ಪದ, ಲೋಹ ಲೇಪಿಸಿದ ಪೊರೆ. ಅದರ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ರಂಧ್ರಗಳಿರುವ ಲೋಹದ ಫಲಕ. ಎರಡರ ನಡುವೆ ವಿದ್ಯುದಂಶ ಬಂದಿಯಾಗಿರುತ್ತದೆ. ಪೊರೆ ಹತ್ತಿರ ಬಂದರೆ ವೋಲ್ಟೇಜ್ ಇಳಿಯುತ್ತದೆ, ದೂರ ಸರಿದರೆ ಏರುತ್ತದೆ. ಆ ಏರಿಳಿತವೇ ದನಿ.

ಇದರ ಫಲ ಕೇಳಬೇಕಾದರೆ ಸಕಾರ ಶಕಾರಗಳನ್ನು ಆಲಿಸಬೇಕು. 'ಸ'ದ ಶಕ್ತಿಯೆಲ್ಲ ಹೆಚ್ಚಾಗಿ 5,000 ಹರ್ಟ್ಸ್ ಆಸುಪಾಸು ಮತ್ತು ಅದರಾಚೆ ಇರುತ್ತದೆ. ಎಸ್‌ಎಂ58ರ ಘೋಷಿತ ವ್ಯಾಪ್ತಿ 15,000ಕ್ಕೆ ನಿಂತರೆ, ಈ ಕಂಡೆನ್ಸರುಗಳದು 20,000ದವರೆಗೆ. ಪಲ್ಲವಿಗೆ ಮುನ್ನ ಎಳೆದುಕೊಂಡ ಉಸಿರು, ಸಾಲಿನ ಕೊನೆಯಲ್ಲಿ ಕರಗುವ 'ಹ' ಇವೆಲ್ಲ ಉಳಿಯುತ್ತವೆ. ಕಷ್ಟ ಮಹಾಪ್ರಾಣಗಳದು: 'ಭ', 'ಫ' ಎಂದಾಗ ಚಿಮ್ಮುವ ಗಾಳಿ ಹಗುರ ಪೊರೆಯನ್ನು ತಳ್ಳಿಬಿಡುತ್ತದೆ. ಜಾಲರಿಯೊಳಗಿನ ಪದರಗಳು ಇರುವುದು ಅದಕ್ಕೇ.

ಡ್ರಮ್ಸಿಗೆ ಬೆನ್ನು ಹಾಕಿ ನಿಂತವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ತಾರಸ್ಥಾಯಿಯನ್ನು ಇಷ್ಟು ಚೆನ್ನಾಗಿ ಕೇಳುವ ಮೈಕಿಗೆ ಸಿಂಬಲ್‌ಗಳ ಝಣಝಣವೂ ಅಷ್ಟೇ ಚೆನ್ನಾಗಿ ಕೇಳುತ್ತದೆ.

ಈ ಉಪಕರಣ ಹೊಸದೇನಲ್ಲ. ಅಮೆರಿಕದ ದೂರವಾಣಿ ಸಂಸ್ಥೆ ಬೆಲ್‌ನ ಬಳಗದಲ್ಲಿ ಇ. ಸಿ. ವೆಂಟೆ ಇದನ್ನು ರೂಪಿಸಿದ್ದು 1916ರಲ್ಲಿ. ವಿದ್ಯುದಂಶವನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲೇ ಕಾಯಂ ಆಗಿ ಕೂಡಿಡುವ ಉಪಾಯವನ್ನು ಅಲ್ಲಿಯೇ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ಕಂಡುಕೊಂಡರು. ನನಗೆ ಬಹಳ ಇಷ್ಟವಾದದ್ದು ಕಂಡೆನ್ಸರಿಗೆ ಬೇಕಾದ ವಿದ್ಯುತ್ತಿನ, ಆ 48 ವೋಲ್ಟಿನ ಕತೆ. 1966ರಲ್ಲಿ ನಾರ್ವೆಯ ಪ್ರಸಾರ ಸಂಸ್ಥೆ ಎನ್‌ಆರ್‌ಕೆ, ಕೇಬಲ್ಲಿನಲ್ಲೇ ವಿದ್ಯುತ್ ಪಡೆಯುವ ಮೈಕ್ ಬೇಕೆಂದು ನಾಯ್ಮನ್ ಸಂಸ್ಥೆಯನ್ನು ಕೇಳಿತು. ಅಲ್ಲಿನ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಪೂರೈಕೆ ಆಗಲೇ ಇತ್ತು, ಅದನ್ನೇ ಬಳಸಿದರು. ಇಂದು ಊರೂರಿನ ಮಿಕ್ಸರುಗಳ ಮೇಲೆ '48ವಿ' ಎಂಬ ಗುಂಡಿ ಇರುವುದು ಹೀಗೆ. ಅದನ್ನು ಒತ್ತಿದರೆ ಡೈನಮಿಕ್ ಮೈಕ್ ಸುಟ್ಟುಹೋಗುತ್ತದೆಂಬ ಭಯವೂ ಅರೆಬೆಂದದ್ದು: ಕೇಬಲ್ ಸರಿಯಿದ್ದರೆ ಎರಡೂ ತಂತಿಗಳಲ್ಲಿ ಅದೇ 48 ವೋಲ್ಟ್ ಇರುವುದರಿಂದ ಸುರುಳಿಯ ಮೂಲಕ ವಿದ್ಯುತ್ ಹರಿಯುವುದೇ ಇಲ್ಲ.

ಕಂಡೆನ್ಸರಿನ ನಿಜವಾದ ಶತ್ರು ತೇವ. ಬಂದಿಯಾದ ವಿದ್ಯುದಂಶ ಸೋರಿಹೋಗದಂತೆ ಅಲ್ಲಿನ ನಿರೋಧ ಗಿಗಾ ಓಮ್‌ಗಳ (ನೂರಾರು ಕೋಟಿ ಓಮ್) ಮಟ್ಟದಲ್ಲಿರಬೇಕು. ಉಸಿರಿನ ಹಬೆ ಕುಳಿತರೆ ಸೋರಿಕೆ ಶುರುವಾಗಿ ಪಟಪಟ ಸದ್ದು ಬರುತ್ತದೆ. ಮಂಗಳೂರಿನ ಜುಲೈಯಲ್ಲಿ ಹಾಡುವವರು ಕಾರ್ಯಕ್ರಮ ಮುಗಿದೊಡನೆ ಮೈಕನ್ನು ಚೀಲಕ್ಕೆ ತುರುಕದೆ, ಜಾಲರಿ ಬಿಚ್ಚಿ ಒರೆಸಿ, ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡಲಿ.